ಮಿಯೊಂಬೊ ಕಾಡಿನಲ್ಲಿ ಸಸ್ಯವೈವಿಧ್ಯ ಅಳೆಯುವುದು ಹೇಗೆ? ಮಳೆ, ಮಣ್ಣು, ಬೆಂಕಿ, ಕೊಡಲಿಯ ಗುರುತುಗಳನ್ನು ಬೇರೆಬೇರೆಯಾಗಿ ಓದುವ ಕ್ರಮ

ಅಂಗೋಲಾದಿಂದ ಟಾಂಜಾನಿಯಾದವರೆಗೆ, ನಡುವೆ ಜಾಂಬಿಯಾ, ಮಲಾವಿ, ಜಿಂಬಾಬ್ವೆ, ಮೊಜಾಂಬಿಕ್ ಮತ್ತು ಕಾಂಗೊದ ದಕ್ಷಿಣ ಭಾಗವನ್ನು ಸೇರಿಸಿಕೊಂಡು ಹಬ್ಬಿರುವ ಎಲೆಯುದುರುವ ಕಾಡಿಗೆ ಮಿಯೊಂಬೊ ಎಂದು ಹೆಸರು. ಬ್ರಾಕಿಸ್ಟೀಜಿಯ ಕುಲದ ಮರಗಳನ್ನು ಅಲ್ಲಿನ ಜನ ಕರೆಯುವ ಹೆಸರೇ ಕಾಡಿಗೂ ಬಂದಿದೆ. ಬ್ರಾಕಿಸ್ಟೀಜಿಯ, ಜುಲ್ಬರ್ನಾರ್ಡಿಯ, ಐಸೊಬರ್ಲಿನಿಯ ಎಂಬ ಮೂರು ಕುಲಗಳದೇ ಇಲ್ಲಿ ದರ್ಬಾರು. ಮೂರೂ ನಮ್ಮ ಹುಣಸೆಯ ಹತ್ತಿರದ ನೆಂಟರು. ಬಂಡೀಪುರದ ಒಣ ಕಾಡು ನೋಡಿದವರಿಗೆ ಮೊದಲ ನೋಟಕ್ಕೆ ಚಹರೆ ಪರಿಚಿತವೆನಿಸುತ್ತದೆ: ಬೆಳಕು ಸೋಸಿ ಬರುವ ತೆಳು ನೆತ್ತಿ (ಮರಗಳ ತಲೆಗಳು ಸೇರಿ ಆದ ಚಪ್ಪರ), ಕೆಳಗೆ ಹುಲ್ಲು, ಅಲ್ಲಲ್ಲಿ ದೊಡ್ಡ ಹುತ್ತ.

ಇಲ್ಲಿ ಸಸ್ಯ ಸಮೀಕ್ಷೆಗೆ ಇಳಿದವರು ಪದೇಪದೇ ಮಾಡುವ ತಪ್ಪು ಒಂದಿದೆ. ರಸ್ತೆ ಬದಿಯ, ಇದ್ದಿಲಿಗಾಗಿ ಕಡಿದ ಜಾಗದಲ್ಲಿ 18 ಜಾತಿ ಸಿಗುತ್ತವೆ, ಸಂರಕ್ಷಿತ ಗುಡ್ಡದಲ್ಲಿ 30. ಕಡಿದದ್ದರಿಂದ 12 ಜಾತಿ ಹೋಯಿತು ಎಂದು ಬರೆದುಬಿಡುತ್ತಾರೆ. ಆದರೆ ರಸ್ತೆ ಹಾಕಿದ್ದು ಸಮತಟ್ಟಾದ ಮರಳು ನೆಲದಲ್ಲಿ, ಗುಡ್ಡದ್ದು ಕಲ್ಲು ಬೆರೆತ ಮಣ್ಣು. ಕೊಡಲಿ ಬೀಳುವ ಮೊದಲೂ ಆ ಎರಡು ಕಡೆ ಒಂದೇ ಕಾಡು ಇರಲಿಲ್ಲ. ಜಾತಿ ಎಣಿಸುವಷ್ಟೇ ಶ್ರದ್ಧೆಯಿಂದ ಕಾರಣಗಳನ್ನೂ ಅಳೆಯಬೇಕು. ಕೆಳಗಿನ ಕ್ರಮ ಹೇಳುವುದು ಅದನ್ನೇ. ಶಿರಸಿ, ಪೊನ್ನಂಪೇಟೆಗಳಲ್ಲಿ ಅರಣ್ಯಶಾಸ್ತ್ರ ಓದಿ ಆಫ್ರಿಕಾದ ಯೋಜನೆಗಳಿಗೆ ಹೋಗುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬಂದೀತು.

ಯಾವಾಗ ಹೋಗಬೇಕು

ಮಳೆ ಸುಮಾರು ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಉಳಿದ ತಿಂಗಳು ಒಣ. ಮಾರ್ಚ್-ಏಪ್ರಿಲ್ ಒಳ್ಳೆಯ ಸಮಯ: ಹುಲ್ಲು ತೆನೆ ಬಿಟ್ಟಿರುತ್ತದೆ, ಪುಟ್ಟ ಗಿಡಗಳು ಹೂವಿನಲ್ಲಿರುತ್ತವೆ, ಮರದಲ್ಲಿ ಬಲಿತ ಎಲೆ ಇರುತ್ತದೆ. ಸೆಪ್ಟೆಂಬರ್‌ನಲ್ಲಿ ಮಳೆಗೆ ಇನ್ನೂ ವಾರಗಳಿರುವಾಗಲೇ ಇಡೀ ಕಾಡು ತಾಮ್ರಗೆಂಪಾಗಿ ಚಿಗುರುತ್ತದೆ. ಕಣ್ಣಿಗೆ ಅಷ್ಟು ಚೆಲುವಾದ ಕಾಡು ಬೇರೆಲ್ಲೂ ಸಿಗುವುದು ಕಷ್ಟ, ಆದರೆ ಗುರುತು ಹಿಡಿಯುವ ಕೆಲಸಕ್ಕೆ ಅದು ಕೆಟ್ಟ ಕಾಲ. ಎಳೆ ಚಿಗುರು ಎಲ್ಲ ಜಾತಿಗಳಲ್ಲೂ ಒಂದೇ ರೀತಿ ಜೋಲುತ್ತದೆ, ನೆಲದ ಗಿಡಗಳು ಸುಟ್ಟು ಹೋಗಿರುತ್ತವೆ.

ಅನುಮತಿ ಎರಡು ಕಡೆ ಬೇಕು. ಸರ್ಕಾರದ ಸಂಶೋಧನಾ ಪರವಾನಗಿ ಒಂದು. ಜಾಂಬಿಯಾದಂಥ ದೇಶದಲ್ಲಿ ಬಹಳಷ್ಟು ನೆಲ ಸಾಂಪ್ರದಾಯಿಕ ಮುಖಂಡರ ಅಧೀನದಲ್ಲಿರುವುದರಿಂದ ಊರಿನ ಹಿರಿಯನ ಒಪ್ಪಿಗೆ ಇನ್ನೊಂದು. ಅದೇ ಊರಿನಿಂದ ಮರ ಬಲ್ಲವರೊಬ್ಬರನ್ನು ದಿನಗೂಲಿಗೆ ಕರೆದುಕೊಳ್ಳಿ. ಮಾದರಿ ಹೊರಗೆ ಕಳಿಸುವುದಿದ್ದರೆ ಅದಕ್ಕೆ ಪ್ರತ್ಯೇಕ ಕಾಗದಪತ್ರ. ತ್ಸೆತ್ಸೆ ನೊಣ ಇರುವ ಸೀಮೆಗೆ ಕಡುನೀಲಿ ಅಥವಾ ಕಪ್ಪು ಬಟ್ಟೆ ಹಾಕಿಕೊಂಡು ಹೋಗಬೇಡಿ, ಆ ಬಣ್ಣಗಳಿಗೆ ಅವು ಮುತ್ತುತ್ತವೆ. ಖಾಕಿ ಒಳ್ಳೆಯದು.

ಜಾಗ ಆರಿಸುವುದು

ಮೊದಲು ಮಳೆಯ ಗೆರೆ ನೋಡಿ. ವರ್ಷಕ್ಕೆ 1000 ಮಿ.ಮೀ. ಗಿಂತ ಹೆಚ್ಚು ಮಳೆ ಬೀಳುವ ಕಡೆ ತೇವದ ಮಿಯೊಂಬೊ. ಮರಗಳು 15 ಮೀಟರ್ ದಾಟುತ್ತವೆ, ಜಾತಿಗಳೂ ಹೆಚ್ಚು. ಅದಕ್ಕಿಂತ ಕಡಿಮೆ ಇದ್ದರೆ ಒಣ ಮಿಯೊಂಬೊ. ಈ ಎರಡನ್ನು ಬೆರೆಸಿ ಹೋಲಿಸಬೇಡಿ.

ಆಮೇಲೆ ಇಳಿಜಾರು. ದಿಣ್ಣೆಯ ನೆತ್ತಿಯಿಂದ ತಗ್ಗಿಗೆ ಇಳಿಯುತ್ತಾ ಹೋದಂತೆ ಮಣ್ಣು ಬದಲಾಗುತ್ತದೆ, ಮಣ್ಣಿನ ಜೊತೆ ಮರವೂ. ತೀರ ಕೆಳಗೆ ಡಂಬೊ ಎಂಬ ಹುಲ್ಲುಬಯಲು ಸಿಗುತ್ತದೆ. ಮಳೆಗಾಲದಲ್ಲಿ ನೀರು ನಿಂತು ಬೇರಿಗೆ ಉಸಿರಾಡಲು ಆಗದೆ ಅಲ್ಲಿ ಮರ ಬೆಳೆಯುವುದಿಲ್ಲ. ಯಾರೂ ಕಡಿದದ್ದಲ್ಲ. ಜಾಂಬಿಯಾ ಮತ್ತು ಕಾಂಗೊದ ತಾಮ್ರದ ಪಟ್ಟಿಯಲ್ಲೂ ಇಂಥದೇ ಮೋಸ ಕಾದಿದೆ. ಮಣ್ಣಿನಲ್ಲಿ ತಾಮ್ರ ವಿಪರೀತವಾಗಿರುವ ಕಡೆ ಮರಗಳಿಲ್ಲದ ಬಯಲು ತಾನಾಗಿಯೇ ಉಂಟಾಗಿದೆ. ಅಲ್ಲಿ ತುಳಸಿಯ ಕುಲಕ್ಕೇ ಸೇರಿದ, ತಾಮ್ರದ ಹೂ ಎಂದು ಹೆಸರಾದ ಗಿಡ ಬೆಳೆಯುತ್ತದೆ. ಗಣಿ ಹುಡುಕುವವರು ಅದನ್ನೇ ಅದಿರಿನ ಗುರುತಾಗಿ ಬಳಸುತ್ತಿದ್ದರು.

ಹಾಗಾಗಿ ಜೋಡಿ ಮಾಡಿ ಆರಿಸಿ. ಒಂದೇ ಮಳೆ, ಒಂದೇ ಮಣ್ಣು, ಇಳಿಜಾರಿನಲ್ಲಿ ಒಂದೇ ಮಟ್ಟ. ಒಂದು ಕಡಿದದ್ದು, ಒಂದು ಕಡಿಯದೆ ಬಿಟ್ಟದ್ದು. ಇಂಥ ಜೋಡಿ ಕನಿಷ್ಠ ಐದಾದರೂ ಬೇಕು. ಒಂದೇ ಕಡಿದ ಜಾಗದೊಳಗೆ ಹತ್ತು ಪ್ಲಾಟ್ (ಅಳತೆಗೆಂದು ಗುರುತು ಹಾಕಿಕೊಂಡ ತುಂಡು ನೆಲ) ಹಾಕಿ ಹತ್ತು ಮಾದರಿ ಎಂದು ಲೆಕ್ಕ ಕೊಟ್ಟರೆ ಅದು ಒಂದೇ ಮಾದರಿ, ಹತ್ತು ಸಲ ಅಳೆದದ್ದು ಅಷ್ಟೇ. ಪ್ಲಾಟ್ ಬೀಳುವ ಬಿಂದುವನ್ನು ಮನೆಯಲ್ಲೇ ನಕ್ಷೆಯ ಮೇಲೆ ಚೀಟಿ ಎತ್ತಿದ ಹಾಗೆ ಗುರುತು ಹಾಕಿಕೊಂಡು ಹೋಗಿ. ಕಾಡಿಗೆ ಹೋದ ಮೇಲೆ ಆರಿಸಿದರೆ ಕಾಲು ತಾನಾಗಿ ದೊಡ್ಡ ಮರಗಳ ಕಡೆಗೇ ನಡೆಯುತ್ತದೆ.

ಪ್ಲಾಟ್ ಹಾಕುವುದು

ದೀರ್ಘಕಾಲದ ನಿಗಾಕ್ಕೆ 100 × 100 ಮೀಟರ್, ಅಂದರೆ ಒಂದು ಹೆಕ್ಟೇರ್ ಬೇಕು. ಒಂದು ಋತುವಿನ ಹೋಲಿಕೆಗೆ 20 × 50 ಮೀಟರ್ ಸಾಕು. ಇಬ್ಬರು ಅಳೆದು ಒಬ್ಬರು ಬರೆದರೆ ದಿನಕ್ಕೆ ಒಂದೆರಡು ಮುಗಿಯುತ್ತದೆ. ಬೇಕಾದ ಸಾಮಾನು: 50 ಮೀಟರ್‌ನ ಎರಡು ಟೇಪು, ದಿಕ್ಸೂಚಿ, ಇಳಿಜಾರಿನ ಕೋನ ಅಳೆಯುವ ಕ್ಲೈನೋಮೀಟರ್, ವ್ಯಾಸದ ಟೇಪು, ಜಿಪಿಎಸ್, 1.3 ಮೀಟರ್ ಎತ್ತರಕ್ಕೆ ಕತ್ತರಿಸಿದ ಕೋಲು, ಅಲ್ಯೂಮಿನಿಯಂ ಬಿಲ್ಲೆ ಮತ್ತು ಮೊಳೆ, ಸಿಕೆಚರ್ (ಕೊಂಬೆ ಕತ್ತರಿ), ಹಳೆ ಪತ್ರಿಕೆ, ಗುದ್ದಲಿ, ಪೆನ್ಸಿಲು. ಪೆನ್ನಿನ ಶಾಯಿ ಮಳೆಗೆ ಹರಡಿಹೋಗುತ್ತದೆ.

ಮೂಲೆ ಲಂಬವಾಗಿದೆಯೇ ಎಂದು ನೋಡಲು ಒಂದು ಬದಿಯಲ್ಲಿ 3 ಮೀಟರ್, ಇನ್ನೊಂದರಲ್ಲಿ 4 ಮೀಟರ್ ಗುರುತು ಹಾಕಿ. ಎರಡು ಗುರುತುಗಳ ನಡುವೆ ಸರಿಯಾಗಿ 5 ಮೀಟರ್ ಬರಬೇಕು. ನಾಲ್ಕೂ ಮೂಲೆ ಆದ ಮೇಲೆ ಕರ್ಣ ಅಳೆಯಿರಿ, 53.85 ಮೀಟರ್ ಬರಬೇಕು. ಅರ್ಧ ಮೀಟರ್ ತಪ್ಪಿದರೆ ಪುನಃ ಹಾಕಿ. ಇಳಿಜಾರಿದ್ದರೆ ನೆಲದ ಮೇಲಿನ ಅಳತೆ ಉದ್ದವಾಗಬೇಕು: 10 ಡಿಗ್ರಿ ಇಳಿಜಾರಿನಲ್ಲಿ 50 ಮೀಟರ್‌ಗೆ ಟೇಪು 50.77 ಮೀಟರ್ ಹರಿಯಬೇಕು. ಗೆರೆಯ ಮೇಲೆ ನಿಂತ ಮರದ ಬುಡ ಅರ್ಧಕ್ಕಿಂತ ಹೆಚ್ಚು ಒಳಗಿದ್ದರೆ ಒಳಗಿನದು.

ಪ್ಲಾಟಿನೊಳಗೆ ದೊಡ್ಡ ಹುತ್ತ ಸಿಕ್ಕಿತೆನ್ನಿ. ಬಿಟ್ಟು ಹೋಗಬೇಡಿ, ಹಾಗೆಂದು ಬೆರೆಸಲೂ ಬೇಡಿ. ಗೆದ್ದಲು ಆಳದ ಜೇಡಿಯನ್ನು ಮೇಲೆ ತರುವುದರಿಂದ ಹುತ್ತದ ಮಣ್ಣು ಸುತ್ತಲಿನ ಹುಳಿಮಣ್ಣಿಗಿಂತ ಫಲವತ್ತು, ಬೆಂಕಿಯೂ ಅದರ ಮೇಲೆ ಸುಲಭವಾಗಿ ಹತ್ತುವುದಿಲ್ಲ. ಅದಕ್ಕೇ ಹುತ್ತದ ಮೇಲೆ ಬೇರೆಯದೇ ಕಾಡು ಇರುತ್ತದೆ. ಒಂದು ಹುತ್ತ ಹತ್ತಾರು ಹೊಸ ಜಾತಿ ಸೇರಿಸಿ ಪ್ಲಾಟಿನ ಲೆಕ್ಕವನ್ನೇ ಬುಡಮೇಲು ಮಾಡಬಲ್ಲದು. ಹುತ್ತದ ಮೇಲಿನ ಪ್ರತಿ ಮರಕ್ಕೂ ಪಟ್ಟಿಯಲ್ಲಿ ಒಂದು ಗುರುತು ಹಾಕಿ, ಹುತ್ತದ ಅಗಲ ಬರೆದಿಡಿ.

ಮರ ಗುರುತಿಸುವುದು

ಹೆಚ್ಚು ಹೊತ್ತು ಹೋಗುವುದೂ ಹೆಚ್ಚು ತಪ್ಪಾಗುವುದೂ ಇಲ್ಲೇ. ಮಿಯೊಂಬೊದ ಮುಖ್ಯ ಮರಗಳ ಎಲೆ ಹುಣಸೆಯದರ ಹಾಗೆ ಜೋಡಿಜೋಡಿ ಕಿರುಎಲೆಗಳದು. ತುದಿಯಲ್ಲೂ ಜೋಡಿಯೇ, ಒಂಟಿ ಎಲೆ ಇರುವುದಿಲ್ಲ. ತುದಿಯಲ್ಲಿ ಒಂಟಿ ಎಲೆ ಕಂಡರೆ ಹೊನ್ನೆಯ ಕುಲದ ಟೆರೊಕಾರ್ಪಸ್ ಅಥವಾ ಬೀಟೆಯ ಕುಲದ ಡಾಲ್ಬರ್ಜಿಯ ಇರಬಹುದೇ ನೋಡಿ. ಟೆರೊಕಾರ್ಪಸ್‌ನ ತೊಗಟೆ ಗೀರಿದರೆ ನಮ್ಮ ಹೊನ್ನೆಯಂತೆಯೇ ಕೆಂಪು ಅಂಟು ಒಸರುತ್ತದೆ.

ಇನ್ನು ಜಿಂಬಾಬ್ವೆಯಲ್ಲಿ ಮುಸಾಸ ಎನ್ನುವ ಬ್ರಾಕಿಸ್ಟೀಜಿಯ ಸ್ಪಿಸಿಫಾರ್ಮಿಸ್ ಮತ್ತು ಮುನೊಂಡೊ ಎನ್ನುವ ಜುಲ್ಬರ್ನಾರ್ಡಿಯ ಗ್ಲೋಬಿಫ್ಲೋರ. ಅಕ್ಕಪಕ್ಕ ನಿಂತಿರುತ್ತವೆ, ದೂರದಿಂದ ಅವಳಿಗಳು. ಒಂದು ಎಲೆ ಕಿತ್ತು ಅಂಗೈ ಮೇಲೆ ಹರಡಿ. ತುದಿಯ ಜೋಡಿಯೇ ಎಲ್ಲಕ್ಕಿಂತ ದೊಡ್ಡದಾಗಿ, ಒಟ್ಟು ನಾಲ್ಕು ಜೋಡಿಯ ಆಸುಪಾಸು ಇದ್ದರೆ ಮುಸಾಸ. ನಡುವಿನ ಜೋಡಿ ದೊಡ್ಡದಾಗಿ, ಐದಾರು ಜೋಡಿ ಇದ್ದರೆ ಮುನೊಂಡೊ. ಕಾಯಿಯ ಕಾಲವಾದರೆ ತಲೆ ಎತ್ತಿ ನೋಡಿ, ಮುನೊಂಡೊದ ಕಂದು ಮಖಮಲ್ಲಿನಂಥ ಕಾಯಿಗಳು ಎಲೆಗಳ ಮೇಲೆ ಎದ್ದು ನಿಂತಿರುತ್ತವೆ. ಮುಪ್ಫುತಿ ಎಂಬ ಬ್ರಾಕಿಸ್ಟೀಜಿಯ ಬೋಮಿಯಲ್ಲಿ ಗೊಂದಲವಿಲ್ಲ, ಹದಿನೈದಿಪ್ಪತ್ತು ಜೋಡಿ ಸಣ್ಣ ಕಿರುಎಲೆಗಳು ಗರಿಯ ಹಾಗೆ ಇಳಿಬಿದ್ದಿರುತ್ತವೆ.

ಎಚ್ಚರ ಬೇಕಾದದ್ದು ಎರಡು ಕಡೆ. ಕಡಿದ ಬೊಡ್ಡೆಯಿಂದ ಬಂದ ಚಿಗುರಿನ ಎಲೆ ಬಲಿತ ಮರದ ಎಲೆಯಂತಿರುವುದಿಲ್ಲ. ದೊಡ್ಡದಿರುತ್ತದೆ, ಆಕಾರವೂ ಬೇರೆ. ಅದನ್ನೇ ಮಾದರಿಯಾಗಿ ಒತ್ತಿ ಕಳಿಸಿದರೆ ಒಣಗಿಸಿದ ಸಸ್ಯಮಾದರಿಗಳ ಸಂಗ್ರಹಾಲಯವಾದ ಹರ್ಬೇರಿಯಂನವರಿಗೂ ಹೆಸರು ಹೇಳುವುದು ಕಷ್ಟ. ಎರಡನೆಯದು ಊರ ಹೆಸರು. ಒಂದೇ ಹೆಸರನ್ನು ಎರಡು ಮೂರು ಜಾತಿಗೆ ಕರೆಯುವುದುಂಟು, ಭಾಷೆ ಬದಲಾದರೆ ಅದೇ ಹೆಸರು ಬೇರೆ ಮರಕ್ಕೆ ಹೋಗುವುದೂ ಉಂಟು. ಊರ ಹೆಸರನ್ನು ಭಾಷೆಯ ಸಮೇತ ಬರೆದುಕೊಳ್ಳಿ, ಆದರೆ ಪ್ರತಿ ಹೆಸರಿಗೂ ಪ್ರತಿ ಪ್ರದೇಶದಲ್ಲಿ ಒಂದಾದರೂ ಒತ್ತಿದ ಮಾದರಿ ಇರಲಿ. ಮಾರ್ಚ್‌ನ ತೇವದಲ್ಲಿ ಮೊದಲ ಮೂರು ನಾಲ್ಕು ದಿನ ದಿನವೂ ಪತ್ರಿಕೆ ಬದಲಿಸದಿದ್ದರೆ ಬೂಷ್ಟು ಹಿಡಿಯುತ್ತದೆ.

ಅಳತೆ

1.3 ಮೀಟರ್ ಎತ್ತರದಲ್ಲಿ 5 ಸೆಂ.ಮೀ. ಅಥವಾ ಹೆಚ್ಚು ವ್ಯಾಸವಿರುವ ಎಲ್ಲ ಕಾಂಡಗಳನ್ನೂ ಅಳೆಯಿರಿ. ವ್ಯಾಸದ ಟೇಪು ಇಲ್ಲದಿದ್ದರೆ ಸುತ್ತಳತೆಯನ್ನು 3.1416 ರಿಂದ ಭಾಗಿಸಿ. ಆ ಎತ್ತರದಲ್ಲಿ ಗಂಟು ಇದ್ದರೆ ಮೇಲೆ ಸರಿದು ಅಳೆದು, ಅಳೆದ ಎತ್ತರ ಬರೆಯಿರಿ. ಬಿಲ್ಲೆಯ ಮೊಳೆಯನ್ನು ಅಳತೆಯ ಜಾಗದಿಂದ 30 ಸೆಂ.ಮೀ. ಮೇಲೆ ಹೊಡೆಯಿರಿ, ಅಲ್ಲೇ ಹೊಡೆದರೆ ಮುಂದಿನ ಸಲಕ್ಕೆ ಊತ ಬಂದಿರುತ್ತದೆ. ಮೊಳೆ ಪೂರ್ತಿ ಒಳಗೆ ಹೋಗದಿರಲಿ, ಮರ ದಪ್ಪವಾಗಲು ಎರಡು ಮೂರು ಸೆಂ.ಮೀ. ಬಿಡಿ. ಪ್ಲಾಸ್ಟಿಕ್ ರಿಬ್ಬನ್ ಮೊದಲ ಬೆಂಕಿಗೇ ಕರಗುತ್ತದೆ.

ಕಡಿದ ಕಾಡಿನಲ್ಲಿ ಒಂದೇ ಬುಡದಿಂದ ಹಲವು ಕಾಂಡ ಬಂದಿರುತ್ತವೆ. ಎಲ್ಲಕ್ಕೂ ಒಂದೇ ಮರದ ಸಂಖ್ಯೆ, ಕಾಂಡಗಳಿಗೆ ಉಪಸಂಖ್ಯೆ. ಸೇರಿಸುವಾಗ ವ್ಯಾಸಗಳನ್ನು ಹಾಗೇ ಕೂಡಬಾರದು. 6, 8, 10 ಸೆಂ.ಮೀ. ಕಾಂಡಗಳಿದ್ದರೆ ಒಟ್ಟು 24 ಅಲ್ಲ. ವರ್ಗಗಳನ್ನು ಕೂಡಿ (36 + 64 + 100 = 200) ವರ್ಗಮೂಲ ತೆಗೆದರೆ 14.1 ಸೆಂ.ಮೀ. ಕಾಂಡದ ಅಡ್ಡಸೀಳಿಕೆಯ ವಿಸ್ತೀರ್ಣ ಚ.ಮೀ.ನಲ್ಲಿ ಬೇಕಾದರೆ ವ್ಯಾಸದ ವರ್ಗವನ್ನು 0.00007854 ರಿಂದ ಗುಣಿಸಿ. 20 ಸೆಂ.ಮೀ. ಮರಕ್ಕೆ 0.0314 ಚ.ಮೀ. ಬರುತ್ತದೆ. 20 × 50 ಪ್ಲಾಟಿನ ಮೊತ್ತವನ್ನು ಹತ್ತರಿಂದ ಗುಣಿಸಿದರೆ ಹೆಕ್ಟೇರಿನ ಲೆಕ್ಕ. ಮಿಯೊಂಬೊದಲ್ಲಿ ಇದು ಬಹುಪಾಲು 7 ರಿಂದ 22 ಚ.ಮೀ. ನಡುವೆ ಇರುತ್ತದೆ. 60 ಬಂದರೆ ಅಳತೆ ಅಥವಾ ಲೆಕ್ಕ ತಪ್ಪಿದೆ.

ಸಣ್ಣವಕ್ಕೆ ಒಳಪ್ಲಾಟ್ ಹಾಕಿ: ಸಸಿಗಳಿಗೆ 5 × 5 ಮೀಟರ್‌ನ ಐದು, ಹುಲ್ಲು ಮತ್ತು ಪುಟ್ಟ ಗಿಡಗಳಿಗೆ 1 × 1 ಮೀಟರ್‌ನ ಹತ್ತು. ಮಿಯೊಂಬೊದ ಜಾತಿಗಳಲ್ಲಿ ದೊಡ್ಡ ಪಾಲು ಮೊಣಕಾಲಿಗಿಂತ ಕೆಳಗಿದೆ, ಮರ ಮಾತ್ರ ಎಣಿಸಿ ಬಂದರೆ ಅದು ತಪ್ಪಿಹೋಗುತ್ತದೆ.

ಮೊಣಕಾಲೆತ್ತರದ ಸಸಿಯನ್ನು ಈ ವರ್ಷದ್ದು ಎಂದು ನಂಬಬೇಡಿ. ಬುಡದ ಮಣ್ಣನ್ನು ಬೆರಳಿನಿಂದ ಸರಿಸಿ ನೋಡಿ. ಹೊಸ ಸಸಿಯ ಬೇರು ದಾರದಷ್ಟು ತೆಳ್ಳಗೆ. ಹಳೆಯ ಬೇರಿನಿಂದ ಮತ್ತೆ ಎದ್ದದ್ದರ ಬೇರು ಹೆಬ್ಬೆರಳಿಗಿಂತ ದಪ್ಪ, ಮೇಲೆ ಸುಟ್ಟು ಕರಿಯಾದ ಹಳೆಯ ತುಂಡುಕಾಂಡಗಳ ಗಂಟು. ವರ್ಷವರ್ಷ ಬೆಂಕಿಗೆ, ಬರಕ್ಕೆ ಮೇಲಿನದು ಸತ್ತರೂ ಬೇರು ಬಲಿಯುತ್ತಲೇ ಹೋಗಿ, ಸಂದು ಸಿಕ್ಕ ವರ್ಷ ಎದ್ದು ಮರವಾಗುತ್ತದೆ. ಬೀಜದಿಂದ ಬಂದದ್ದು, ಬೇರಿನಿಂದ ಬಂದದ್ದು, ಬೊಡ್ಡೆಯಿಂದ ಬಂದದ್ದು ಎಂದು ಮೂರು ಕಾಲಂ ಮಾಡಿ. ಕಾಡು ಹೇಗೆ ಮರಳುತ್ತಿದೆ ಎಂಬುದು ಈ ಮೂರು ಕಾಲಂಗಳಲ್ಲಿ ಗೊತ್ತಾಗುತ್ತದೆ.

ಮಣ್ಣಿಗೆ ಪ್ಲಾಟಿನ ಐದು ಕಡೆಯಿಂದ 0–20 ಸೆಂ.ಮೀ. ಆಳದ ಮಾದರಿ ತೆಗೆದು ಬೆರೆಸಿ, ನೆರಳಲ್ಲಿ ಒಣಗಿಸಿ, 2 ಮಿ.ಮೀ. ಜರಡಿ ಹಿಡಿದು ಅರ್ಧ ಕಿಲೋ ಇಟ್ಟುಕೊಳ್ಳಿ. ಹುತ್ತದ ಮಣ್ಣು, ಇದ್ದಿಲು ಗೂಡಿನ ಮಣ್ಣು ಇದಕ್ಕೆ ಸೇರಬಾರದು. ಹುಳಿಯಂಶ, ರಂಜಕ, ಸಾವಯವ ಇಂಗಾಲ, ಮರಳು-ಜೇಡಿ ಪ್ರಮಾಣ ಇವಿಷ್ಟು ಗೊತ್ತಾದರೆ ಹೋಲಿಕೆಗೆ ಸಾಕು.

ಬೆಂಕಿಯ ಲೆಕ್ಕ

ಬೆಂಕಿ ಬಿತ್ತೇ ಇಲ್ಲವೇ ಎಂದಷ್ಟೇ ಬರೆದರೆ ಏನೂ ಬರೆದಂತಲ್ಲ. ಯಾವ ತಿಂಗಳಲ್ಲಿ ಬಿತ್ತು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಜಾಂಬಿಯಾದ ಎಂಡೋಲಾದಲ್ಲಿ 1933ರಲ್ಲಿ ಶುರುವಾದ ಸುಡುವಿಕೆಯ ಪ್ಲಾಟುಗಳು ಇದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟವು. ಪ್ರತಿವರ್ಷ ಒಣಗಾಲದ ಕೊನೆಗೆ ಸುಟ್ಟ ಕಡೆ ಕಾಡು ಹೋಗಿ ಹುಲ್ಲುಗಾವಲಿನಂತಾಯಿತು. ಒಣಗಾಲದ ಆರಂಭದಲ್ಲೇ ಸುಟ್ಟ ಕಡೆ ಮಿಯೊಂಬೊ ಉಳಿಯಿತು. ಬೆಂಕಿಯನ್ನೇ ತಡೆದ ಕಡೆ ನಿತ್ಯಹಸಿರು ಜಾತಿಗಳು ಒತ್ತಾಗಿ ಎದ್ದವು. ಮೇ-ಜೂನ್‌ನಲ್ಲಿ ಹುಲ್ಲಿನಲ್ಲಿ ಇನ್ನೂ ಹಸಿ ಇರುತ್ತದೆ, ಬೆಂಕಿ ತೆವಳುತ್ತಾ ಹೋಗಿ ಆರುತ್ತದೆ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹುಲ್ಲು ಕಡ್ಡಿಯಾಗಿರುತ್ತದೆ, ಗಾಳಿ ಇರುತ್ತದೆ, ಮರ ಎಳೆಚಿಗುರಿನಲ್ಲಿರುತ್ತದೆ.

ಪ್ರತಿ ಪ್ಲಾಟಿನಲ್ಲಿ ಹತ್ತು ಮರಗಳ ಕಾಂಡದ ಮೇಲೆ ಮಸಿ ಎಷ್ಟು ಎತ್ತರಕ್ಕೆ ಹತ್ತಿದೆ ಎಂದು ಅಳೆಯಿರಿ. ಊರವರನ್ನು ಕಳೆದ ಮೂರು ವರ್ಷದ ಬೆಂಕಿಯ ತಿಂಗಳು ಕೇಳಿ. ಉಪಗ್ರಹದ ಸುಟ್ಟ ಜಾಗದ ನಕ್ಷೆ ನೋಡಿ, ಆದರೆ ಅದನ್ನೇ ನೆಚ್ಚಬೇಡಿ. ನಾಸಾ ಉಪಗ್ರಹಗಳ ಮೋಡಿಸ್ ಉಪಕರಣದ ದತ್ತಾಂಶದಲ್ಲಿ ಒಂದು ಚೌಕ 500 ಮೀಟರ್‌ನದು, ಮೇ ತಿಂಗಳ ಸಣ್ಣ ಬೆಂಕಿ ಅದರ ಕಣ್ಣಿಗೆ ಬೀಳದೆ ಹೋಗುತ್ತದೆ. 2015ರಿಂದ ಸಿಗುವ, ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳನ್ನು ಜೊತೆಗಿಟ್ಟುಕೊಳ್ಳಿ.

ಮನುಷ್ಯರ ಗುರುತು

ಪ್ರತಿ ಕಡಿದ ಬೊಡ್ಡೆಯ ಎತ್ತರ, ವ್ಯಾಸ, ಜಾತಿ, ಚಿಗುರಿನ ಸಂಖ್ಯೆ ಬರೆಯಿರಿ. ಕೊಡಲಿಯ ಬೊಡ್ಡೆಯಲ್ಲಿ ಕಚ್ಚುಗಳಿರುತ್ತವೆ, ಗರಗಸದ್ದು ಸಪಾಟಾಗಿರುತ್ತದೆ, ಆನೆ ಮುರಿದದ್ದು ಸೀಳಿ ನಾರು ನಾರಾಗಿರುತ್ತದೆ. ಆನೆಯ ಕೆಲಸವನ್ನು ಮನುಷ್ಯರ ಖಾತೆಗೆ ಬರೆಯಬೇಡಿ.

ಇದ್ದಿಲು ಗೂಡು ಇದ್ದ ಜಾಗ ಕರಿನೆಲವಾಗಿ ಆಯತಾಕಾರದಲ್ಲಿ ಕಾಣುತ್ತದೆ. ಮರದ ತುಂಡುಗಳನ್ನು ಒಟ್ಟಿ ಮಣ್ಣು ಮುಚ್ಚಿ ದಿನಗಟ್ಟಲೆ ಸುಟ್ಟಿರುವುದರಿಂದ ಅಡಿಯ ಬೇರು, ಬೀಜ ಎಲ್ಲ ಬೆಂದುಹೋಗಿರುತ್ತವೆ. ಸುತ್ತಲಿನ ಬೊಡ್ಡೆಗಳು ಚಿಗುರಿ ಕಾಡಾಗುತ್ತಿದ್ದರೂ ಆ ಜಾಗ ವರ್ಷಗಟ್ಟಲೆ ಕಳೆಯಷ್ಟೇ ಹೊತ್ತು ಕೂರುತ್ತದೆ. ಗೂಡಿನ ಉದ್ದಗಲ ಅಳೆದು ಪ್ರತ್ಯೇಕ ಪಟ್ಟಿ ಮಾಡಿ.

ಚಿತೆಮೆನೆ ಇದಕ್ಕಿಂತ ತೀರ ಬೇರೆ. ಉತ್ತರ ಜಾಂಬಿಯಾದ ಬೆಂಬಾ ಜನರ ಈ ಬೇಸಾಯ ನಮ್ಮ ಕುಮರಿಯನ್ನು ನೆನಪಿಸುತ್ತದೆ, ಸೊಪ್ಪಿನ ಬೆಟ್ಟವನ್ನೂ. ಮರ ಹತ್ತಿ ಕೊಂಬೆ ಮಾತ್ರ ಕಡಿದು, ಹಲವು ಪಟ್ಟು ದೊಡ್ಡ ಜಾಗದ ಸೊಪ್ಪುಕೊಂಬೆಯನ್ನು ನಡುವಿನ ಸಣ್ಣ ತೋಟಕ್ಕೆ ಹೊತ್ತು, ಮಳೆಗೆ ಮುಂಚೆ ಸುಟ್ಟು, ಆ ಬೂದಿಯಲ್ಲಿ ರಾಗಿ ಬಿತ್ತುತ್ತಾರೆ. ನಾವು ಮುದ್ದೆ ಮಾಡುವ ಅದೇ ರಾಗಿ, ಅದರ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು. ಬೂದಿ ಹುಳಿಮಣ್ಣನ್ನು ತಣಿಸಿ ರಂಜಕ ಕೊಡುತ್ತದೆ. ಸುತ್ತಲ ಮರಗಳು ಬದುಕಿಯೇ ಇರುವುದರಿಂದ ನೆತ್ತಿ ಬೇಗ ಮುಚ್ಚುತ್ತದೆ. ಹಾಗಾಗಿ ‘ಬೇಸಾಯದ ಜಾಗ’ ಎಂದು ಒಂದೇ ಕಾಲಂ ಮಾಡದೆ ಬೂದಿತೋಟ, ಕೊಂಬೆ ಕಡಿದ ಸುತ್ತು, ಗುದ್ದಲಿಯಲ್ಲಿ ಅಗೆದ ಹೊಲ ಎಂದು ಬಿಡಿಸಿ ಬರೆಯಿರಿ. ವರ್ಷಗಟ್ಟಲೆ ಅಗೆದ ಹೊಲದಲ್ಲಿ ಬೇರೂ ಹೋಗಿರುತ್ತದೆ, ಬ್ರಾಕಿಸ್ಟೀಜಿಯ ಬೇರಿನೊಡನೆ ಬದುಕುವ ಅಣಬೆಗಳೂ ಹೋಗಿರುತ್ತವೆ.

ಇಷ್ಟಲ್ಲದೆ ಆಯ್ದು ಕಡಿಯುವುದಿದೆ. ಹಣ್ಣು ಕೊಡುವ ಮಸುಕು (ಉಪಾಕ ಕಿರ್ಕಿಯಾನ) ಮರವನ್ನು ಜನ ಬಹುತೇಕ ಉಳಿಸಿಕೊಳ್ಳುತ್ತಾರೆ, ಊರ ಹತ್ತಿರ ಅದರ ಪಾಲು ಹೆಚ್ಚಿದ್ದರೆ ಅದೂ ಮನುಷ್ಯರ ಗುರುತೇ. ತೊಗಟೆಯ ಜೇನುಗೂಡು ಮಾಡಲು ಸುತ್ತಲೂ ಸುಲಿದ ಮರ ನಿಂತಲ್ಲೇ ಒಣಗುತ್ತದೆ, ಬೊಡ್ಡೆಯ ಲೆಕ್ಕಕ್ಕೆ ಸಿಗುವುದಿಲ್ಲ. ಮುಕುಲ (ಟೆರೊಕಾರ್ಪಸ್ ಟಿಂಕ್ಟೋರಿಯಸ್) ಎಂಬ ಕೆಂಪುಮರವನ್ನು 2010ರ ದಶಕದಲ್ಲಿ ಚೀನಾದ ಪೀಠೋಪಕರಣ ಮಾರುಕಟ್ಟೆಗಾಗಿ ಹುಡುಕಿ ಹುಡುಕಿ ಕಡಿದರು. 2019ರಲ್ಲಿ ಅದು ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿತು. ಇಂಥ ಪ್ಲಾಟಿನಲ್ಲಿ ನೆತ್ತಿ ಮುಚ್ಚಿಯೇ ಇರುತ್ತದೆ, ಒಂದು ಜಾತಿ ಮಾತ್ರ ಕಾಣೆ.

ಲೆಕ್ಕ ಮತ್ತು ಓದು

ಎರಡು ಪ್ಲಾಟ್ ಇವೆ ಎನ್ನಿ, ಎರಡರಲ್ಲೂ 100 ಮರ, 10 ಜಾತಿ. ಮೊದಲನೆಯದರಲ್ಲಿ ಪ್ರತಿ ಜಾತಿಗೆ 10 ಮರ. ಎರಡನೆಯದರಲ್ಲಿ ಒಂದೇ ಜಾತಿಯ 91, ಉಳಿದ ಒಂಬತ್ತಕ್ಕೆ ಒಂದೊಂದು. ಪ್ರತಿ ಜಾತಿಯ ಪಾಲನ್ನು ಅದರ ಸ್ವಾಭಾವಿಕ ಲಾಗರಿದಮ್‌ನಿಂದ ಗುಣಿಸಿ, ಎಲ್ಲ ಕೂಡಿ, ಋಣ ಚಿಹ್ನೆ ತೆಗೆದರೆ ವೈವಿಧ್ಯದ ಅಳತೆಯಾದ ಶ್ಯಾನನ್ ಸೂಚ್ಯಂಕ: ಮೊದಲನೆಯದಕ್ಕೆ 2.30, ಎರಡನೆಯದಕ್ಕೆ 0.50. 2.718 ಅನ್ನು (ಸ್ವಾಭಾವಿಕ ಲಾಗರಿದಮ್‌ನ ಆಧಾರ ಸಂಖ್ಯೆ) ಈ ಸೂಚ್ಯಂಕದ ಘಾತಕ್ಕೆ ಏರಿಸಿದರೆ 10 ಮತ್ತು 1.65. ಅಂದರೆ ಎರಡನೆಯ ಕಾಡು ನಡೆದುಕೊಳ್ಳುವುದು ಎರಡು ಜಾತಿಯೂ ತುಂಬದ ಕಾಡಿನಂತೆ. ಪ್ಲಾಟುಗಳಲ್ಲಿ ಮರಗಳ ಸಂಖ್ಯೆ ಬೇರೆಬೇರೆ ಇದ್ದರೆ ರೇರ್‌ಫ್ಯಾಕ್ಷನ್ (ಎಲ್ಲ ಪ್ಲಾಟನ್ನೂ ಒಂದೇ ಮರಸಂಖ್ಯೆಗೆ ಇಳಿಸಿ ಜಾತಿ ಲೆಕ್ಕ ಹಾಕುವುದು) ಮಾಡದೆ ಜಾತಿಗಳನ್ನು ಹೋಲಿಸಬೇಡಿ. ಆರ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದ ವೀಗನ್ ಪ್ಯಾಕೇಜಿನಲ್ಲಿ ಇದೆಲ್ಲ ಇದೆ.

ಸೂಚ್ಯಂಕ ಬಂದ ಮೇಲೆ ಜಾತಿಗಳ ಪಟ್ಟಿಯನ್ನು ಎದುರುಬದುರು ಇಟ್ಟು ಕಣ್ಣಾಡಿಸಿ. ಇದು ಬಿಟ್ಟುಹೋಗಲೇಬಾರದ ಹೆಜ್ಜೆ. ಕಡಿದು ಹತ್ತು ವರ್ಷವಾದ ಜಾಗದಲ್ಲಿ ಜಾತಿಗಳು ಕೆಲವೊಮ್ಮೆ ಹಳೆಯ ಕಾಡಿಗಿಂತ ಹೆಚ್ಚೇ ಇರುತ್ತವೆ, ಏಕೆಂದರೆ ಹಳಬರ ಚಿಗುರಿನ ಜೊತೆ ಬಿಸಿಲು ಬಯಸುವ ಹೊಸಬರೂ ಸೇರಿಕೊಂಡಿರುತ್ತಾರೆ. ಆ ಹೆಚ್ಚಳದಲ್ಲಿ ನಮ್ಮ ಕಾಡನ್ನೂ ತಿಂದ ಲಂಟಾನ ಇದ್ದರೆ ಅದು ಲಾಭವಲ್ಲ. ಮರದ ತೂಕ ಎರಡು ಮೂರು ದಶಕದಲ್ಲಿ ಮರಳಬಹುದು, ಹಳೆಯ ಜಾತಿಗಳ ಕೂಟ ಮರಳಲು ಇನ್ನೂ ಹೆಚ್ಚು ಕಾಲ ಬೇಕು.

ಕಾರಣ ಹುಡುಕುವಾಗ ಮಳೆ ಮತ್ತು ಮಣ್ಣನ್ನು ಮೊದಲು ಸಂಖ್ಯಾಶಾಸ್ತ್ರದ ಮಾಡೆಲ್‌ಗೆ ಹಾಕಿ, ಆಮೇಲೆ ಬೆಂಕಿ, ಕೊನೆಗೆ ಬೊಡ್ಡೆಗಳ ಸಂಖ್ಯೆ ಮತ್ತು ರಸ್ತೆ-ಊರುಗಳ ದೂರ. ಮಣ್ಣು ವಿವರಿಸಿ ಉಳಿದದ್ದನ್ನು ಮಾತ್ರ ಮನುಷ್ಯರ ಪಾಲಿಗೆ ಬರೆಯಿರಿ. ಬೆಂಕಿ ಮತ್ತು ಕೊಡಲಿಯನ್ನು ಪೂರ್ತಿ ಬೇರ್ಪಡಿಸಲು ಆಗದೆ ಹೋಗಬಹುದು. ಮರ ಕಡಿದರೆ ಬೆಳಕು ಬೀಳುತ್ತದೆ, ಬೆಳಕು ಬಿದ್ದರೆ ಹುಲ್ಲು ಎದೆಯೆತ್ತರ ಬೆಳೆಯುತ್ತದೆ, ಆ ಹುಲ್ಲಿಗೆ ಅಕ್ಟೋಬರ್‌ನಲ್ಲಿ ಬೆಂಕಿ ಬಿದ್ದರೆ ಸಸಿಗಳು ಮತ್ತೆ ನೆಲಕ್ಕೆ ಬರುತ್ತವೆ. ಅಂಥ ಕಡೆ ಎರಡೂ ಸೇರಿದ ಪರಿಣಾಮ ಎಂದೇ ಬರೆಯುವುದು ಪ್ರಾಮಾಣಿಕ.

ಹೊರಡುವ ಮುನ್ನ ಊರ ಹೆಸರುಗಳಿರುವ ಪಟ್ಟಿಯ ಒಂದು ಪ್ರತಿಯನ್ನು ಊರಿನ ಹಿರಿಯನಿಗೆ ಕೊಡಿ. ಪ್ಲಾಟಿನ ಮೂಲೆಗಳಲ್ಲಿ ಮೇಲೆ ಕಾಣುವ ಕಬ್ಬಿಣದ ಸರಳು ಬಹಳ ದಿನ ಉಳಿಯುವುದಿಲ್ಲ, ಯಾರಿಗಾದರೂ ಬೇಕಾಗುತ್ತದೆ. ಮೊಳದುದ್ದದ ಸರಳನ್ನು ನೆಲದೊಳಗೆ ಪೂರ್ತಿ ಹೊಡೆದು, ಮೇಲೆ ನಾಲ್ಕು ಬೆರಳು ಮಣ್ಣು ಮುಚ್ಚಿ, ಹತ್ತಿರದ ಎರಡು ದೊಡ್ಡ ಮರಗಳಿಂದ ಅದರ ದಿಕ್ಕು ಮತ್ತು ದೂರ ಬರೆದಿಟ್ಟುಕೊಳ್ಳಿ. ಐದು ವರ್ಷದ ನಂತರ ಜಿಪಿಎಸ್ ನಿಮ್ಮನ್ನು ಹತ್ತು ಮೀಟರ್ ಹತ್ತಿರಕ್ಕೆ ತಂದು ಬಿಡುತ್ತದೆ, ಅಲ್ಲಿಂದ ಮುಂದಕ್ಕೆ ದಾರಿ ತೋರುವುದು ಆ ಬರಹ ಮತ್ತು ಲೋಹ ಪತ್ತೆ ಮಾಡುವ ಯಂತ್ರ.